ಬಸ್ ಬಸ್ಸಾಯಿತು, ಕಾರ್ ಯಾಕೆ ಕಾರ್ರಾಗಲಿಲ್ಲ? ಪದಗಳು ಭಾಷೆಯಿಂದ ಭಾಷೆಗೆ ಬರುವ ಬಗೆ

ಅಂಗಡಿ ಬೋರ್ಡುಗಳಲ್ಲಿ ಶೇ 60ರಷ್ಟು ಕನ್ನಡ ಇರಲೇಬೇಕು ಅಂತ 2024ರಲ್ಲಿ ಕರ್ನಾಟಕದ ಕಾನೂನಿಗೆ ತಿದ್ದುಪಡಿ ಬಂತು. ಬೋರ್ಡುಗಳು ಬದಲಾದವು. ಈಗ ಬೆಂಗಳೂರಿನ ಯಾವುದಾದರೂ ಬೀದಿಯಲ್ಲಿ ಓದುತ್ತಾ ಹೋಗಿ: ‘ಮೊಬೈಲ್ ಸರ್ವಿಸ್ ಸೆಂಟರ್’, ‘ಫ್ಯಾಮಿಲಿ ರೆಸ್ಟೋರೆಂಟ್’, ‘ಮೆನ್ಸ್ ವೇರ್’. ಅಕ್ಷರ ಪೂರ್ತಿ ಕನ್ನಡ. ಪದ? ಅಲ್ಲಿಂದ ಜಗಳ ಶುರು. ಇದು ಕನ್ನಡವೇ ಅಲ್ಲ ಅಂತ ಒಬ್ಬರು. ಹಾಗಾದರೆ ಬಸ್ಸು ಕನ್ನಡವಾ, ಅರ್ಜಿ ಕನ್ನಡವಾ ಅಂತ ಇನ್ನೊಬ್ಬರು. ತಮಾಷೆ ಏನೆಂದರೆ, ಜಗಳಕ್ಕೆ ಕಾರಣವಾದ ‘ಕಾನೂನು’ ಎಂಬ ಪದವೇ ಗ್ರೀಕಿನಲ್ಲಿ ಹುಟ್ಟಿ, ಅರಬ್ಬಿಗೆ ಹೋಗಿ, ಪರ್ಷಿಯನ್ ದಾಟಿ ನಮ್ಮಲ್ಲಿಗೆ ಬಂದದ್ದು.

ಯಾವ ಪದ ಇರಬೇಕು, ಯಾವುದು ಹೋಗಬೇಕು ಅನ್ನೋ ಪಂಚಾಯ್ತಿ ಇಲ್ಲಿ ಬೇಡ. ಹೊರಗಿನ ಪದ ಒಂದು ಭಾಷೆಯೊಳಗೆ ಹೇಗೆ ಬರುತ್ತದೆ, ಬಂದ ಮೇಲೆ ಅದಕ್ಕೆ ಏನಾಗುತ್ತದೆ, ಅಷ್ಟನ್ನು ಮಾತ್ರ ನೋಡೋಣ. ನಮ್ಮ ಕೈಯಲ್ಲೇ ಒಳ್ಳೆ ಉದಾಹರಣೆ ಇದೆ: ಕನ್ನಡ.

ಎರವಲು ಅಂದರೆ ಏನು

ಒಂದು ಭಾಷೆ ಇನ್ನೊಂದರಿಂದ ಪದ ತೆಗೆದುಕೊಂಡರೆ ಅದನ್ನು ಎರವಲು ಪದ ಅನ್ನುತ್ತಾರೆ. ಹೆಸರು ಸ್ವಲ್ಪ ದಾರಿ ತಪ್ಪಿಸುತ್ತದೆ, ಯಾಕೆಂದರೆ ಇಲ್ಲಿ ಯಾರೂ ಏನನ್ನೂ ವಾಪಸ್ ಕೊಡುವುದಿಲ್ಲ. ಪಕ್ಕದ ಮನೆಯಿಂದ ಹೆಪ್ಪಿಗೆ ಒಂದು ಚಮಚ ಮೊಸರು ತಂದ ಹಾಗೆ ಅಂದುಕೊಳ್ಳಿ: ಅವರ ಮೊಸರು ಕಮ್ಮಿಯಾಗಲಿಲ್ಲ, ನಮ್ಮ ಪಾತ್ರೆಯಲ್ಲಿ ಹೆಪ್ಪಾದದ್ದು ನಮ್ಮ ಹಾಲು.

ಶಾಲೆಯ ವ್ಯಾಕರಣದಲ್ಲಿ ಓದಿದ್ದು ನೆನಪಿರಬಹುದು. ಕನ್ನಡದ್ದೇ ಪದ ದೇಶ್ಯ. ಸಂಸ್ಕೃತದಿಂದ ಹೆಚ್ಚೂಕಮ್ಮಿ ಹಾಗೇ ಬಂದದ್ದು ತತ್ಸಮ. ಬಂದು ರೂಪ ಬದಲಿಸಿಕೊಂಡದ್ದು ತದ್ಭವ. ಪರ್ಷಿಯನ್, ಅರಬ್ಬಿ, ಪೋರ್ಚುಗೀಸ್, ಇಂಗ್ಲಿಷಿನಂಥ ಕಡೆಯಿಂದ ಬಂದದ್ದು ಅನ್ಯದೇಶ್ಯ. ನಿಜ ಹೇಳಬೇಕೆಂದರೆ ಕೊನೆಯ ಮೂರೂ ಎರವಲೇ. ಸಂಸ್ಕೃತದ್ದು ಹಳೆಯದು, ಜಾಸ್ತಿ ಇದೆ, ಅದಕ್ಕೇ ಅದಕ್ಕೆ ಬೇರೆ ಪಟ್ಟಿ. ಸುಮಾರು ಕ್ರಿ.ಶ. 450ರದು ಎನ್ನುವ ಹಲ್ಮಿಡಿ ಶಾಸನದಲ್ಲೇ ಸಂಸ್ಕೃತ ಪದಗಳು ತುಂಬಿಕೊಂಡಿವೆ. ಅಂದರೆ ಎರವಲಿಲ್ಲದ ಕನ್ನಡ ಬರಹ ನಮಗೆ ಮೊದಲ ದಿನದಿಂದಲೂ ಸಿಕ್ಕಿಲ್ಲ.

ಎರವಲಿಗೂ ಮಾತಿನ ನಡುವೆ ಬೇರೆ ಭಾಷೆ ಬೆರೆಸುವುದಕ್ಕೂ ವ್ಯತ್ಯಾಸ ಇದೆ. ‘ನಾನು ಆಲ್ರೆಡಿ ಆ ಮೀಟಿಂಗ್ ಅಟೆಂಡ್ ಮಾಡ್ಬಿಟ್ಟೆ’ ಅನ್ನುವವರು ಎರಡೂ ಭಾಷೆ ಗೊತ್ತಿದ್ದು ಬೆರೆಸುತ್ತಿದ್ದಾರೆ. ಆದರೆ ಇಂಗ್ಲಿಷಿನ ಗಂಧವೇ ಇಲ್ಲದ ಅಜ್ಜಿ ‘ಬಸ್ಸು ಬಂತೇನೋ ನೋಡು’ ಅಂದರೆ, ಅಲ್ಲಿ ಬೆರಕೆ ಏನೂ ಇಲ್ಲ. ಆಕೆಗೆ ಅದು ಸುಮ್ನೆ ಒಂದು ಕನ್ನಡ ಪದ. ಇಂದಿನ ಬೆರಕೆಯಲ್ಲಿ ಕೆಲವು ನಾಳೆ ಎರವಲಾಗುತ್ತವೆ, ಉಳಿದವು ಹಾಗೇ ಉದುರಿಹೋಗುತ್ತವೆ.

ಯಾಕೆ ತರುತ್ತೇವೆ

ಸುಲಭದ ಕಾರಣ: ವಸ್ತು ಹೊಸದು, ಹೆಸರು ಜೊತೆಗೇ ಬಂತು. 1510ರಲ್ಲಿ ಪೋರ್ಚುಗೀಸರು ಗೋವಾ ಹಿಡಿದ ಮೇಲೆ ಕರಾವಳಿಗೆ ಅನಾನಸ್, ಪಪ್ಪಾಯಿ, ತಂಬಾಕು, ಬಟಾಟೆ ಬಂದವು. ಪಾದ್ರಿ, ಇಗರ್ಜಿ, ಚಾವಿ, ಇಸ್ತ್ರಿ, ಮೇಸ್ತ್ರಿ ಕೂಡ ಅವರ ಕಡೆಯವೇ. ಆಮೇಲೆ ರೈಲು, ಬಲ್ಬು, ಈಗ ಫೋನು, ಆ್ಯಪ್ಪು.

ಇನ್ನೊಂದು ಕಾರಣ ಅಧಿಕಾರ. ಆಳುವವರ ಭಾಷೆಯಲ್ಲಿ ಕಾಗದಪತ್ರ ನಡೆದರೆ ಆ ಪದಗಳು ರೈತನ ಬಾಯಿಗೂ ಬರುತ್ತವೆ. ಇದನ್ನು ಮುಂದೆ ಬಿಡಿಸಿ ನೋಡೋಣ.

ಮೂರನೆಯದನ್ನು ಜಾಸ್ತಿ ಜನ ಗಮನಿಸುವುದಿಲ್ಲ: ಮುಜುಗರ. ನಮ್ಮ ಪದ ಇದ್ದೇ ಇದೆ, ಆದರೆ ಹೇಳಲು ನಾಲಿಗೆ ಏಳುವುದಿಲ್ಲ. ಹಾಗಾಗಿ ಪ್ರೆಗ್ನೆಂಟ್, ಡೆಲಿವರಿ, ಪೀರಿಯಡ್ಸ್, ಟಾಯ್ಲೆಟ್. ಹೆಂಡತಿ ಅನ್ನಲು ಸಂಕೋಚ, ‘ನಮ್ಮ ಮಿಸೆಸ್ಸು’ ಅನ್ನಲು ಇಲ್ಲ. ಸತ್ತರು ಅನ್ನುವುದು ಒರಟು ಅನ್ನಿಸಿ ‘ಎಕ್ಸ್‌ಪೈರ್ ಆದ್ರು’ ಅನ್ನುತ್ತೇವೆ. ಔಷಧಿ ಬಾಟಲಿಗೆ ಹೇಳುವ ಮಾತನ್ನು ಮನುಷ್ಯರಿಗೆ ಹೇಳಿದ್ದೇವೆ ಅಂತ ಯಾರಿಗೂ ಅನ್ನಿಸುವುದೇ ಇಲ್ಲ. ಪರಭಾಷೆಯ ಪದದಲ್ಲಿ ನಮಗೆ ನೋವಾಗಲಿ ನಾಚಿಕೆಯಾಗಲಿ ಅಷ್ಟು ತಟ್ಟುವುದಿಲ್ಲ.

ಸುಲಭಕ್ಕೆ ಬದಲಾಗದ ಪದಗಳೂ ಇವೆ. ಕಣ್ಣು, ಮೂಗು, ಕೈ, ನಾನು, ನೀನು, ಬಾ, ಹೋಗು, ಒಂದು, ಎರಡು. ದಿನಕ್ಕೆ ನೂರು ಸಲ ಬಳಸುವ ಪದಕ್ಕೆ ಬದಲಿ ಬೇಕಾಗುವುದಿಲ್ಲ. ಎಣಿಕೆಯಲ್ಲಿ ನೂರರ ತನಕ ನಮ್ಮದೇ. ‘ಸಾವಿರ’ಕ್ಕೆ ಬಂದರೆ ಅದು ಸಂಸ್ಕೃತದ ‘ಸಹಸ್ರ’ದಿಂದ ಬಂದದ್ದು, ಅಲ್ಲಿಂದ ಮೇಲೆ ಲಕ್ಷ, ಕೋಟಿ ಎರಡೂ ಸಂಸ್ಕೃತದ್ದೇ. ಹಾಗಂತ ಇದು ಕಲ್ಲಿನಲ್ಲಿ ಕೊರೆದ ನಿಯಮ ಅಲ್ಲ. ನೆಂಟಸ್ತಿಕೆಯ ಪದ ಗಟ್ಟಿ ಅಂತಾರೆ, ಆದರೆ ಆಂಟಿ, ಅಂಕಲ್ ಮನೆಯೊಳಗೇ ಬಂದು ಕೂತಿದ್ದಾರೆ.

ಕಲ್ಲಿನ ನಿಯಮ, ಬಸ್ಸಿನ ನಿಯಮ

ಈಗ ಶೀರ್ಷಿಕೆಯ ಪ್ರಶ್ನೆಗೆ ಬರೋಣ. ಬಸ್ ಬಸ್ಸು ಆಯಿತು. ಪೆನ್ ಪೆನ್ನು, ಕಪ್ ಕಪ್ಪು, ನಟ್ ನಟ್ಟು, ಟಬ್ ಟಬ್ಬು. ಆದರೆ ಕಾರ್ ಕಾರು ಅಷ್ಟೇ, ಕಾರ್ರು ಅಲ್ಲ. ರೈಲ್ ರೈಲು, ಗೇಟ್ ಗೇಟು, ಫೋನ್ ಫೋನು, ಕೋಟ್ ಕೋಟು. ಎಲ್ಲಾದರೂ ಒತ್ತು ಬಂತಾ? ಇಲ್ಲ.

ಎರಡು ಗುಂಪನ್ನೂ ಜೋರಾಗಿ ಓದಿ ನೋಡಿ. ಮೊದಲನೆಯದರಲ್ಲಿ ಸ್ವರ ಹ್ರಸ್ವ, ಎರಡನೆಯದರಲ್ಲಿ ಎಳೆದು ಹೇಳುವ ಸ್ವರ. ಹ್ರಸ್ವ ಇದ್ದರೆ ಕೊನೆಯ ವ್ಯಂಜನ ದ್ವಿತ್ವವಾಗಿ ‘ಉ’ ಸೇರುತ್ತದೆ. ದೀರ್ಘ ಇದ್ದರೆ ‘ಉ’ ಮಾತ್ರ.

ಇದನ್ನು ಯಾವ ಮೇಷ್ಟ್ರೂ ಕಲಿಸಿಲ್ಲ, ಇಂಗ್ಲಿಷಿಗಾಗಿ ಮಾಡಿದ್ದೂ ಅಲ್ಲ. ಹಳಗನ್ನಡ ಹೊಸಗನ್ನಡ ಆಗುವಾಗ ನಮ್ಮದೇ ಪದಗಳಿಗೆ ಆದದ್ದು ಇದೇ. ಹಳಗನ್ನಡದಲ್ಲಿ ಕಲ್, ಕಣ್, ಮಣ್, ಪಲ್ ಇದ್ದವು. ಅವು ಕಲ್ಲು, ಕಣ್ಣು, ಮಣ್ಣು, ಹಲ್ಲು ಆದವು. ಕಾಲ್, ಮೀನ್, ನೂಲ್, ತೇರ್ ಅನ್ನುವವು ಕಾಲು, ಮೀನು, ನೂಲು, ತೇರು ಆದವು. ಕಲ್ಲಿಗೆ ಏನಾಯಿತೋ ಬಸ್ಸಿಗೆ ಅದೇ ಆಯಿತು, ತೇರಿಗೆ ಏನಾಯಿತೋ ಕಾರಿಗೆ ಅದೇ ಆಯಿತು.

‘ಈಗಿನವರು ಬಸ್ಸು ಅನ್ನಲ್ಲ, ಬಸ್ ಅಂತಾರೆ’ ಅನ್ನಬಹುದು. ಸರಿ. ಆದರೆ ಅವರೇ ವಿಭಕ್ತಿ ಹಚ್ಚುವಾಗ ಕಿವಿಗೊಡಿ. ‘ಬಸ್ ಬಂತು’ ಅಂದವರು ಮರುಕ್ಷಣ ‘ಬಸ್ಸಲ್ಲಿ ಸೀಟಿಲ್ಲ’ ಅನ್ನುತ್ತಾರೆ. ಆ್ಯಪ್ ಬಂದು ಎಷ್ಟು ವರ್ಷ ಆಯಿತು? ಆಗಲೇ ‘ಆ್ಯಪ್ಪಲ್ಲಿ ಬುಕ್ ಮಾಡು’ ಅನ್ನುತ್ತೇವೆ, ಒತ್ತು ತಾನಾಗೇ ಬರುತ್ತದೆ. ‘ಫೋನಲ್ಲಿ’ ಅನ್ನುವಾಗ ಬರುವುದಿಲ್ಲ. ಪದ ಹೊಸದು, ಅದನ್ನು ಆಡಿಸುವ ನಿಯಮ ಹಳಗನ್ನಡದ ಕಾಲದ್ದು.

ಪದದ ಶುರುವಿನಲ್ಲಿ ಒತ್ತಕ್ಷರ ಬಂದರೂ ಹೀಗೇ ಏನಾದರೂ ಆಗುತ್ತದೆ. ಗ್ಲಾಸು ಹಳ್ಳಿ ಬಾಯಲ್ಲಿ ಗಿಲಾಸು, ಸ್ಕೂಲು ಇಸ್ಕೂಲು, ಸ್ಟೇಷನ್ ಟೇಸನ್. ನಗಬೇಡಿ. ‘ಶ್ರೀ’ ಸಿರಿ ಆದದ್ದು, ‘ಭಕ್ತಿ’ ಬಕುತಿ ಆದದ್ದು ಗಿಲಾಸಿನ ದಾರಿಯಲ್ಲೇ: ಎರಡು ವ್ಯಂಜನದ ನಡುವೆ ಒಂದು ಸ್ವರ ತುರುಕುವುದು. ಸಿರಿ ಅಂದರೆ ಕಾವ್ಯ, ಗಿಲಾಸು ಅಂದರೆ ಹಳ್ಳಿಗಮಾರ ಅನ್ನುವುದು ನಮ್ಮ ಗತ್ತು. ನಾಲಿಗೆಗೆ ಎರಡೂ ಒಂದೇ ಕೆಲಸ.

ನಮ್ಮಲ್ಲಿಲ್ಲದ ಧ್ವನಿ ಬಂದರೆ ಹತ್ತಿರದ್ದನ್ನು ಹಾಕಿಕೊಳ್ಳುತ್ತೇವೆ. ಪರ್ಷಿಯನ್ನಿನ ‘ಜ಼ಮೀನ್’ ಜಮೀನು ಆಯಿತು. ಯುರೋಪಿನವರನ್ನು ಅರಬ್ಬರೂ ಪರ್ಷಿಯನ್ನರೂ ‘ಫ್ರಾಂಕ್’ ಜನರ ಹೆಸರಿನಿಂದ ‘ಫರಂಗಿ’ ಅಂದರು, ನಾವು ಪರಂಗಿ ಅಂದೆವು, ಅವರ ಜೊತೆ ಬಂದ ಹಣ್ಣು ಪರಂಗಿ ಹಣ್ಣಾಯಿತು. ಇಂಗ್ಲಿಷಿನ ‘ಆ್ಯ’ ಧ್ವನಿಗೆ ಅಕ್ಷರವೇ ಇರಲಿಲ್ಲ, ಅದಕ್ಕೆ ಬರಹದಲ್ಲಿ ಈ ಹೊಸ ಜೋಡಣೆ ಮಾಡಿಕೊಂಡೆವು. ಹೀಗೆ ಕೆಲವೊಮ್ಮೆ ಪದದ ಜೊತೆ ಧ್ವನಿಯೂ ಒಳಗೆ ಬರುತ್ತದೆ.

ಕ್ರಿಯಾಪದ ಮಾತ್ರ ಸುಲಭಕ್ಕೆ ಬರುವುದಿಲ್ಲ. ‘ಡೌನ್‌ಲೋಡು’ವುದು ಅಂತ ಯಾರೂ ಅನ್ನುವುದಿಲ್ಲ, ‘ಡೌನ್‌ಲೋಡ್ ಮಾಡು’ ಅನ್ನುತ್ತೇವೆ. ಹೊರಗಿನ ಪದವನ್ನು ಮುಂದೆ ಇಟ್ಟು ಹಿಂದಿನಿಂದ ಮಾಡು, ಆಗು ಹಚ್ಚುವುದು. ಕಾಲ, ಲಿಂಗ, ವಚನದ ಕೆಲಸವನ್ನೆಲ್ಲ ಕನ್ನಡದ ಕ್ರಿಯಾಪದವೇ ಮಾಡುತ್ತದೆ. ಸಂಸ್ಕೃತದ ಪದಗಳಿಗೆ ‘ಇಸು’ ಇತ್ತು: ಪ್ರೀತಿಸು, ಭಾವಿಸು. ಅರಬ್ಬಿ ಮೂಲದ ‘ಬದಲು’ಗೂ ಅದು ಹತ್ತಿ ಬದಲಾಯಿಸು ಆಯಿತು. ಇಂಗ್ಲಿಷಿಗೆ ಹಚ್ಚಿದರೆ ಮಾತ್ರ ಯಾಕೋ ನಗು ಬರುತ್ತದೆ, ಗೂಗಲಿಸು ಅನ್ನುವವರು ಇನ್ನೂ ಸ್ವಲ್ಪ ತಮಾಷೆಗೇ ಅನ್ನುವುದು.

ಹಬ್ಬ ಹಳೆಯದು, ಪೇಪರ್ ಹೊಸದು

ಒಂದು ಪದ ಯಾವಾಗ ಬಂತು ಅಂತ ಅದರ ರೂಪವೇ ಹೇಳುವುದುಂಟು. ಸುಮಾರು 10ನೇ ಶತಮಾನದಿಂದ ಶುರುವಾಗಿ, ಕೆಲವು ಶತಮಾನಗಳಲ್ಲಿ, ಕನ್ನಡ ಪದಗಳ ಮೊದಲಿಗೆ ಇದ್ದ ‘ಪ’ ಹೆಚ್ಚಿನ ಕಡೆ ‘ಹ’ ಆಯಿತು. ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪೂ ಹೂವಾಯಿತು. ಅಷ್ಟರೊಳಗೆ ಜನರ ಬಾಯಿಗೆ ಬಂದು ಒಗ್ಗಿಹೋಗಿದ್ದ ಸಂಸ್ಕೃತ ಪದಗಳೂ ಜೊತೆಗೇ ಬದಲಾದವು. ಪಕ್ಷಿ ಪಕ್ಕಿಯಾಗಿ ಹಕ್ಕಿ. ಪರ್ವ ಪಬ್ಬವಾಗಿ ಹಬ್ಬ. ಪುಸ್ತಕ ಪೊತ್ತಗೆಯಾಗಿ ಹೊತ್ತಗೆ.

ಆ ಬದಲಾವಣೆ ಮುಗಿದ ಮೇಲೆ ಬಂದ ಪದಗಳಿಗೆ ಇದು ತಾಕಲಿಲ್ಲ. ಪೋರ್ಚುಗೀಸಿನ ಪಾದ್ರಿ ಹಾದ್ರಿ ಆಗಲಿಲ್ಲ. ಪಗಾರ ಹಗಾರ ಆಗಲಿಲ್ಲ. ಬೆಳಿಗ್ಗೆ ಎದ್ದು ಯಾರೂ ಹೇಪರ್ ಓದುವುದಿಲ್ಲ.

ಹಾಗಾದರೆ ಪಾಪ, ಪೂಜೆ, ಪುಣ್ಯ ಹೇಗೆ ಉಳಿದವು? ಓದು ಬಲ್ಲವರು ಸಂಸ್ಕೃತವನ್ನು ಓದುತ್ತಲೇ ಇದ್ದರು, ಮೂಲ ರೂಪ ಅವರ ಬಾಯಲ್ಲಿ, ಓಲೆಗರಿಯಲ್ಲಿ ಉಳಿದೇ ಇತ್ತು. ಅದಕ್ಕೇ ನಮ್ಮಲ್ಲಿ ಜೋಡಿಗಳಿವೆ: ಪಕ್ಷಿ–ಹಕ್ಕಿ, ವರ್ಣ–ಬಣ್ಣ, ಕಾರ್ಯ–ಕಜ್ಜ, ಸಂಧ್ಯಾ–ಸಂಜೆ, ವಸತಿ–ಬಸದಿ. ಒಂದೇ ಪದ ಎರಡು ಸಲ ಬಂದಿದೆ, ಒಂದು ಬಾಯಿಯಿಂದ ಬಾಯಿಗೆ, ಇನ್ನೊಂದು ಪುಸ್ತಕದಿಂದ. ಹೀಗೆ ಏನು ಏನಾಗುತ್ತದೆ ಅನ್ನುವುದನ್ನು 13ನೇ ಶತಮಾನದಲ್ಲೇ ಕೇಶಿರಾಜ ತನ್ನ ವ್ಯಾಕರಣದಲ್ಲಿ ಒಂದು ಪ್ರಕರಣವನ್ನೇ ಇಟ್ಟು ಪಟ್ಟಿ ಮಾಡಿದ್ದಾನೆ.

ತಾಲ್ಲೂಕು ಕಚೇರಿಗೆ ಹೋದರೆ

ಪಹಣಿಗೋ ಖಾತೆಗೋ ಒಮ್ಮೆ ತಾಲ್ಲೂಕು ಕಚೇರಿಗೆ ಹೋಗಿದ್ದೀರಾ? ಅಲ್ಲಿ ಕಿವಿಗೆ ಬೀಳುವ ಪದ ನೋಡಿ. ಜಮೀನು, ಅರ್ಜಿ, ದಾಖಲೆ, ಅಸಲು, ನಕಲು, ರಸೀದಿ, ಬಾಕಿ, ವಸೂಲಿ, ಮೊಹರು, ಗುಮಾಸ್ತ, ತಹಶೀಲ್ದಾರ್. ಹೊರಗೆ ಕಾಯುತ್ತಿರುವ ವಕೀಲ. ಪೂರ್ತಿ ಪರ್ಷಿಯನ್, ಅರಬ್ಬಿ. ‘ತಾಲ್ಲೂಕು’ ಅರಬ್ಬಿಯಲ್ಲಿ ಸಂಬಂಧ ಅನ್ನುವ ಪದ, ‘ಜಿಲ್ಲೆ’ ಪಕ್ಕೆಲುಬು ಅಥವಾ ಬದಿ ಅನ್ನುವ ಪದ.

ಕಾರಣ ಇತಿಹಾಸ. 1347ರಲ್ಲಿ ಶುರುವಾದ ಬಹಮನಿ ರಾಜ್ಯಕ್ಕೆ ಕಲಬುರಗಿ ರಾಜಧಾನಿಯಾಗಿತ್ತು. ಆಮೇಲೆ ಬಿಜಾಪುರದ ಆದಿಲ್‌ಶಾಹಿ, ಮೈಸೂರಿನಲ್ಲಿ ಹೈದರ್ ಮತ್ತು ಟಿಪ್ಪು, ಈಶಾನ್ಯದಲ್ಲಿ ನಿಜಾಮರು. ದರ್ಬಾರಿನ ಕಾಗದಪತ್ರದಲ್ಲಿ ಬಹುಕಾಲ ಪರ್ಷಿಯನ್ ನಡೆಯಿತು. ಬ್ರಿಟಿಷರು ಬಂದಾಗ ಆ ಪದಗಳನ್ನು ತೆಗೆಯಲಿಲ್ಲ, ಅವನ್ನೇ ಇಟ್ಟುಕೊಂಡು ಆಳಿದರು. ಯಾವ ಊರು ಯಾರ ಕೈಯಲ್ಲಿತ್ತು ಅನ್ನುವುದು ಇವತ್ತಿಗೂ ಬಾಯಲ್ಲಿ ಕೇಳಿಸುತ್ತದೆ. ಉತ್ತರ ಕರ್ನಾಟಕದಲ್ಲಿ ಪಗಾರ, ದವಾಖಾನೆ, ಚಹಾ. ಮೈಸೂರು ಕಡೆ ಸಂಬಳ, ಆಸ್ಪತ್ರೆ, ಟೀ.

ಪರ್ಷಿಯನ್ನಿನಿಂದ ಬರೀ ಪದ ಬರಲಿಲ್ಲ, ಪ್ರತ್ಯಯವೂ ಬಂತು. ‘ದಾರ್’ ಅಂದರೆ ಹೊಂದಿರುವವನು. ತಹಶೀಲ್ದಾರ್, ಜಮೀನ್ದಾರ್ ಅಂತ ಕೇಳಿ ಕೇಳಿ ನಾವೇ ಅದನ್ನು ಕಿತ್ತು ಬೇರೆ ಕಡೆ ಅಂಟಿಸಿದೆವು. ಪಾಲುದಾರ, ಗುತ್ತಿಗೆದಾರ, ಹೂಡಿಕೆದಾರ: ಮುಂಭಾಗ ಅಚ್ಚ ಕನ್ನಡ, ಬಾಲ ಪರ್ಷಿಯನ್. ಮತದಾರ: ತಲೆ ಸಂಸ್ಕೃತ, ಬಾಲ ಪರ್ಷಿಯನ್, ಬಳಸುವವರು ಕನ್ನಡಿಗರು.

ದಾರಿಯಲ್ಲಿ ಅರ್ಥ ಬದಲಾಗುವುದು

ಪದದ ಜೊತೆ ಅರ್ಥ ಪೂರ್ತಿ ಬರುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ಅರಬ್ಬಿಯಲ್ಲಿ ಪ್ರಜೆಗಳು, ಹಿಂಡು ಅನ್ನುವ ಪದ ನಮ್ಮಲ್ಲಿ ‘ರೈತ’ ಆಗಿ ಉಳುವವನಿಗೆ ನಿಂತಿತು. ಪರ್ಷಿಯನ್ನಿನಲ್ಲಿ ‘ಗುಲಾಬ್’ ಅಂದರೆ ಹೂವಿನ ನೀರು, ಪನ್ನೀರು. ನಮಗೆ ಗುಲಾಬಿ ಹೂವೇ. ‘ರಾಜೀನಾಮೆ’ ಮೂಲದಲ್ಲಿ ಒಪ್ಪಿಗೆಯ ಪತ್ರ, ಇಲ್ಲಿ ಕೆಲಸ ಬಿಡುವ ಪತ್ರ. ‘ಸವಾಲು’ ಅಲ್ಲಿ ಬರೀ ಪ್ರಶ್ನೆ.

ಸಂಸ್ಕೃತದ ಒಂದೇ ಪದವನ್ನು ಎರಡು ಭಾಷೆ ತಂದು ಬೇರೆ ಬೇರೆ ಕೆಲಸಕ್ಕೆ ಹಚ್ಚಿರುವುದೂ ಉಂಟು. ಹಿಂದಿಯಲ್ಲಿ ‘ಶಿಕ್ಷಾ’ ಅಂದರೆ ಓದು, ನಮ್ಮಲ್ಲಿ ಶಿಕ್ಷೆ ಅಂದರೆ ಬೆತ್ತ. ಅವರ ‘ಚೇಷ್ಟಾ’ ಪ್ರಯತ್ನ, ನಮ್ಮ ಚೇಷ್ಟೆ ತುಂಟತನ. ಅವರಿಗೆ ‘ಉಪನ್ಯಾಸ್’ ಕಾದಂಬರಿ, ನಮಗೆ ಉಪನ್ಯಾಸ ಅಂದರೆ ವೇದಿಕೆ ಮೇಲಿನ ಭಾಷಣ, ಎಷ್ಟೋ ಸಲ ಕಾದಂಬರಿಗಿಂತ ಉದ್ದ.

ಇಂಗ್ಲಿಷಿಗೂ ಇದೇ ಗತಿ. ಅಲ್ಲಿ ಹೋಟೆಲು ಉಳಿದುಕೊಳ್ಳುವ ಜಾಗ, ಇಲ್ಲಿ ಇಡ್ಲಿ ತಿನ್ನುವ ಜಾಗ. ‘ಅವನಿಗೆ ಮೀಟರ್ ಇಲ್ಲ’ ಅಂದರೆ ಧೈರ್ಯ ಇಲ್ಲ ಅಂತ, ಲಂಡನ್ನಿನವರಿಗೆ ಹೇಳಿದರೆ ಆಟೋ ಹುಡುಕಿಯಾರು.

ಸಕ್ಕರೆ ಡಬ್ಬಿಯಲ್ಲಿ, ಶುಗರ್ ರಕ್ತದಲ್ಲಿ

ಸಂಸ್ಕೃತದ ‘ಶರ್ಕರಾ’ ಕನ್ನಡದಲ್ಲಿ ಸಕ್ಕರೆ ಆಯಿತು. ಅದೇ ಪದ ಪಶ್ಚಿಮಕ್ಕೂ ಹೊರಟಿತು. ಪರ್ಷಿಯನ್ನಿನಲ್ಲಿ ಶಕರ್, ಅರಬ್ಬಿಯಲ್ಲಿ ಸುಕ್ಕರ್, ಆಮೇಲೆ ಇಟಲಿ, ಫ್ರಾನ್ಸ್ ದಾಟಿ ಇಂಗ್ಲಿಷಿನಲ್ಲಿ ಶುಗರ್. ಅಷ್ಟು ಸುತ್ತಿ ಅದು ಮತ್ತೆ ಕನ್ನಡಕ್ಕೇ ಬಂತು. ‘ಅವರಿಗೆ ಶುಗರ್ ಇದೆ, ಕಾಫಿಗೆ ಸಕ್ಕರೆ ಹಾಕಬೇಡಿ.’ ಈ ಒಂದು ವಾಕ್ಯದಲ್ಲಿ ಒಂದೇ ಪದ ಎರಡು ಸಲ ಇದೆ, ಹೇಳುವವರಿಗೆ ಗೊತ್ತೂ ಆಗುವುದಿಲ್ಲ.

ಚಹಾ ಮತ್ತು ಟೀ ಕೂಡ ಅಷ್ಟೇ, ಎರಡೂ ಚೀನಾದವು. ಅಲ್ಲಿನ ಒಂದು ನುಡಿಯಲ್ಲಿ ‘ಚಾ’, ಫ್ಯೂಜಿಯನ್ ಕರಾವಳಿಯಲ್ಲಿ ‘ತೆ’. ಮೊದಲನೆಯದು ಮಧ್ಯ ಏಷ್ಯಾದ ನೆಲದ ದಾರಿಯಲ್ಲೂ ಪೋರ್ಚುಗೀಸರ ಬಾಯಲ್ಲೂ ಹರಡಿತು. ಎರಡನೆಯದನ್ನು ಡಚ್ಚರು ಹಡಗಿನಲ್ಲಿ ಯುರೋಪಿಗೆ ಒಯ್ದರು, ಇಂಗ್ಲಿಷರ ಜೊತೆ ಅದು ನಮ್ಮ ಕಡೆ ಬಂತು.

ಕಾಫಿಯ ಕತೆ ಇನ್ನೂ ಚೆನ್ನ. ಬಾಬಾ ಬುಡನ್ 17ನೇ ಶತಮಾನದಲ್ಲಿ ಯೆಮೆನ್‌ನಿಂದ ಬೀಜ ತಂದು ಚಿಕ್ಕಮಗಳೂರಿನ ಬೆಟ್ಟದಲ್ಲಿ ನೆಟ್ಟರು ಅನ್ನುವುದು ಐತಿಹ್ಯ. ಬೀಜ ಅರೇಬಿಯಾದಿಂದ ನೇರ ಬಂತು. ಹೆಸರು ಮಾತ್ರ ಅರಬ್ಬಿಯ ‘ಕಹ್ವಾ’ದಿಂದ ತುರ್ಕಿಗೆ, ಅಲ್ಲಿಂದ ಡಚ್ಚರಿಗೆ, ಇಂಗ್ಲಿಷಿಗೆ, ಆಮೇಲೆ ನಮಗೆ.

ಪದ ತರದೆಯೂ ಕೆಲಸ ಆಗುತ್ತದೆ

ಹೊಸ ವಸ್ತುವಿಗೆ ಹೊರಗಿನ ಹೆಸರೇ ಬೇಕು ಅಂತೇನಿಲ್ಲ. ಮೆಣಸಿನಕಾಯಿ ಅಮೆರಿಕ ಖಂಡದ್ದು, ಪೋರ್ಚುಗೀಸರ ಕಾಲದಲ್ಲಿ ಬಂತು. ಖಾರಕ್ಕೆ ಮೆಣಸು ನಮ್ಮಲ್ಲಿ ಆಗಲೇ ಇತ್ತು, ಇದು ಕಾಯಿ, ಸರಿ, ಮೆಣಸಿನಕಾಯಿ. ಅಮೆರಿಕದ್ದೇ ಇನ್ನೊಂದು ಬೆಳೆ ತೆನೆಗೆ ಸಿಪ್ಪೆ ಮುಚ್ಚಿಕೊಂಡು ಬಂತು, ಮುಸುಕಿನ ಜೋಳ ಆಯಿತು. ಇಂಥ ಹೆಸರು ಇಟ್ಟವರು ಯಾವ ಸಮಿತಿಯಲ್ಲೂ ಇರಲಿಲ್ಲ, ಹೊಲದಲ್ಲಿದ್ದರು. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಬದನೆ ಕೂಡ ಹೀಗೇ: ಹೊರಸೀಮೆಯಿಂದ ಬಂದದ್ದು ಅನ್ನುವ ಚೀಟಿ ಹಚ್ಚಿದರು, ಮುಗಿಯಿತು.

ಇನ್ನೊಂದು ಬಗೆಯಲ್ಲಿ ಪದ ನಮ್ಮದು, ಯೋಚನೆ ಎರವಲು. ಕಪ್ಪು ಹಣ, ಶ್ವೇತಪತ್ರ, ಶೀತಲ ಸಮರ, ಮಧುಚಂದ್ರ. ಇಂಗ್ಲಿಷಿನ ಒಂದೊಂದೇ ತುಂಡನ್ನು ಬಿಡಿಸಿ ಇಲ್ಲಿ ಜೋಡಿಸಿದ್ದು. ಬರಹದಲ್ಲಿ ಜಾಲತಾಣ, ಅಂತರ್ಜಾಲ ನಿಂತಿವೆ. ದೂರವಾಣಿ ಕಚೇರಿಯ ಬೋರ್ಡಿನಲ್ಲಿದೆ, ಮನೆಯಲ್ಲಿ ಫೋನೇ. ಒಳ್ಳೆ ಪದ ಸೋಲುವುದೂ ಉಂಟು. ಎಷ್ಟು ಚುಟುಕು, ಎಷ್ಟು ಬೇಗ ಬಂತು, ಬಾಯಿಗೆ ಎಷ್ಟು ಹಗುರ, ಇವುಗಳ ಮೇಲೆ ನಿಂತಿದೆ. ವಸ್ತು ಮನೆಮನೆಗೆ ಬಂದು ಹತ್ತು ವರ್ಷವಾದ ಮೇಲೆ ಪದ ಕೊಟ್ಟರೆ ಯಾರು ತಗೋತಾರೆ?

ಬೆರಕೆಯ ಮೇಲಿನ ಸಿಟ್ಟೂ ಹೊಸದಲ್ಲ. 12ನೇ ಶತಮಾನದಲ್ಲಿ ಕವಿ ನಯಸೇನ, ಕನ್ನಡದಲ್ಲಿ ಸಂಸ್ಕೃತ ಬೆರೆಸುವುದು ತುಪ್ಪಕ್ಕೆ ಎಣ್ಣೆ ಬೆರೆಸಿದ ಹಾಗೆ ಅಂದ. ಮಜಾ ಏನೆಂದರೆ ಅದನ್ನು ಹೇಳುವಾಗ ಅವನು ಬಳಸಿದ್ದು ‘ಘೃತ’, ‘ತೈಲ’ ಎಂಬ ಸಂಸ್ಕೃತ ಪದಗಳನ್ನೇ, ಬಹುಶಃ ಬೇಕೆಂದೇ. ಮುಂದೆ ಆಂಡಯ್ಯ ತತ್ಸಮಗಳೇ ಇಲ್ಲದೆ ಒಂದು ಕಾವ್ಯ ಬರೆದು ತೋರಿಸಿದ. ಆದರೆ ಅವನೂ ತದ್ಭವಗಳನ್ನು ಇಟ್ಟುಕೊಂಡ. ಅಷ್ಟು ಹೊತ್ತಿಗೆ ಅವು ಅವನಿಗೂ ಕನ್ನಡವೇ ಆಗಿದ್ದವು.

ನಾವು ಕೊಟ್ಟದ್ದು

ವ್ಯಾಪಾರ ಒಂದೇ ಕಡೆಯದಲ್ಲ. ಮೀನಿಗೆ ಸಂಸ್ಕೃತದಲ್ಲಿ ಇರುವ ‘ಮೀನ’ ದ್ರಾವಿಡ ಮೂಲದ್ದು ಅನ್ನುವುದು ವಿದ್ವಾಂಸರ ಸಾಮಾನ್ಯ ಅಭಿಪ್ರ‍ಾಯ. ರಾಶಿಯ ಹೆಸರಾಗಿ ಅದು ಪಂಚಾಂಗದಲ್ಲಿ ಕೂತು ಮತ್ತೆ ನಮಗೇ ಸಂಸ್ಕೃತದಂತೆ ಕಾಣುತ್ತದೆ. ಮಲಯಾಳಂ, ತಮಿಳಿನ ‘ಮಾಂಗ’ ಪೋರ್ಚುಗೀಸರ ಮೂಲಕ ಇಂಗ್ಲಿಷಿನ ಮ್ಯಾಂಗೋ ಆಯಿತು. ಇಂಗ್ಲಿಷಿನಲ್ಲಿ ಅಡಿಕೆಗೆ ಇರುವ ‘ಅರೆಕ’ ಕೂಡ ಮಲಬಾರಿನಿಂದ ಹಾಗೇ ಹೋದದ್ದು, ನಮ್ಮ ‘ಅಡಿಕೆ’ಯ ಸೋದರ ಪದ. ಕನ್ನಡದಿಂದ ನೆರೆಯ ಮರಾಠಿಯೂ ಸಾಕಷ್ಟು ಪಡೆದಿದೆ. ಅಲ್ಲಿ ಅಕ್ಕನಿಗೆ ಅಕ್ಕಾ, ಅಣ್ಣನಿಗೆ ಅಣ್ಣಾ ಅನ್ನುವುದುಂಟು. ಹಿಂದಿಯವರು ಘೀ ಅಂದರೆ ಪುಣೆಯವರು ಊಟಕ್ಕೆ ಬಡಿಸುವುದು ‘ತೂಪ್’. ಅದು ನಮ್ಮ ತುಪ್ಪ, ಕೊನೆಯ ಒತ್ತನ್ನೂ ಸ್ವರವನ್ನೂ ಬಿಟ್ಟು ಮೊದಲ ಸ್ವರವನ್ನು ಎಳೆದುಕೊಂಡದ್ದು. ನಾವು ಬಸ್ಸಿಗೆ ಒತ್ತು ಸೇರಿಸಿದೆವು, ಅವರು ತುಪ್ಪದ ಒತ್ತು ತೆಗೆದರು. ಅವರ ನಾಲಿಗೆಗೆ ಅವರ ನಿಯಮ.